ಕೋಟೆಯ ಉಗ್ರಾಣ

ಮಸ್ಕತ್ತಿನ ಹಳೆಯ ಬಂದರನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಅಭಿಲಾಷೆ ನನ್ನಲ್ಲಿ ಅಂಕುರಿಸಿದುದು ಬಸರೂರಿನಲ್ಲಿ. ಕುಂದಾಪುರದ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಇತಿಹಾಸದ ಅಧ್ಯಾಪಕನಾಗಿದ್ದ ಕಾಲದಲ್ಲಿ, ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ವಾರಾಹಿಯ ದಂಡೆಯ ಆ ಊರಿಗೆ ಹೋಗಿ, ಶಾಸನಗಳಲ್ಲಿ ಹೆಸರಾದ ಮೂಡುಕೇರಿ ಪಡುವಕೇರಿಗಳನ್ನು ತೋರಿಸಿ, ಈಗ ಸಣ್ಣ ದೋಣಿಗಳು ಮಾತ್ರ ತೇಲುವ ಈ ಹೊಳೆಯಿಂದಲೇ ಒಂದಾನೊಂದು ಕಾಲದಲ್ಲಿ ಅಕ್ಕಿಮುಡಿಗಳನ್ನು ಹೇರಿಕೊಂಡ ಹಡಗುಗಳು ಗಂಗೊಳ್ಳಿಯ ಅಳಿವೆಯನ್ನು ದಾಟಿ ಮಸ್ಕತ್ತಿಗೂ ಹೋರ್ಮುಜಿಗೂ ಸಾಗುತ್ತಿದ್ದುವೆಂದು ಹೇಳುತ್ತಿದ್ದೆನು. ಒಂದು ವರ್ಷ, ಹಿಂದಿನ ಸಾಲಿನಲ್ಲಿ ನಿಂತಿದ್ದ ಸಣ್ಣ ಹುಡುಗನೊಬ್ಬನು, "ಮಾಷ್ಟ್ರೇ, ಆ ಅಕ್ಕಿ ಅಲ್ಲಿ ಉಂಡದ್ ಯಾರ್?" ಎಂದು ಕೇಳಿದನು. ಅರಬರು ಎಂದು ನಾನು ಥಟ್ಟನೆ ಉತ್ತರವಿತ್ತೆನು. ಆ ಉತ್ತರ ಅರೆಸತ್ಯವೆಂಬುದು ಅನಂತರದ ಓದಿನಿಂದ ನನಗೆ ತಿಳಿದುಬಂದಿತಾದರೂ, ಅಷ್ಟರಲ್ಲಿ ಹುಡುಗನು ಶಾಲೆ ಬಿಟ್ಟು ಹೋಗಿದ್ದನು; ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ನಿವೃತ್ತನಾದ ಮೇಲೆ, ಮಸ್ಕತ್ತಿನಲ್ಲಿ ಸಂಸಾರ ಹೂಡಿದ್ದ ಮಗಳು ಡಿಸೆಂಬರ್ ತಿಂಗಳಿನಲ್ಲಿ ಬಂದು ಹೋಗಬೇಕೆಂದು ಒತ್ತಾಯಿಸಿದಾಗ, ನಾನು ಮರುಮಾತಿಲ್ಲದೆ ಹೊರಟೆನು.

ಹಳೆಯ ಮಸ್ಕತ್ ಎಂದರೆ, ಬೋಳು ಕಲ್ಲುಬೆಟ್ಟಗಳ ನಡುವೆ ಕಡಲು ಒಳಚಾಚಿದ ಒಂದು ಕಿರಿದಾದ ಕೊಲ್ಲಿ. ಮಳೆಗಾಲದಲ್ಲಿ ಗೋಡೆಯ ಮೇಲೂ ಹುಲ್ಲು ಮೊಳೆಯುವ ಸೀಮೆಯಿಂದ ಹೋದವನ ಕಣ್ಣಿಗೆ ಆ ಬೆಟ್ಟಗಳ ನಿರಾಭರಣ ಕಾಠಿಣ್ಯವು ಮೊದಮೊದಲು ಭಯವನ್ನೇ ಉಂಟುಮಾಡುವುದು. ಕೊಲ್ಲಿಯ ಎರಡು ಮಗ್ಗುಲುಗಳಲ್ಲಿ, ನೀರಿನಿಂದ ನೇರವಾಗಿ ಎದ್ದುನಿಂತ ಎರಡು ಬಂಡೆಗಳ ನೆತ್ತಿಯ ಮೇಲೆ, ಒಂದನ್ನೊಂದು ಎವೆಯಿಕ್ಕದೆ ನೋಡುತ್ತಿರುವಂತೆ ಎರಡು ಕೋಟೆಗಳಿವೆ: ಪಡುವಣದ್ದು ಮಿರಾನಿ, ಮೂಡಣದ್ದು ಜಲಾಲಿ. ನಡುವಣ ಸಮತಟ್ಟಿನಲ್ಲಿ ಸುಲ್ತಾನರ ಅಲ್ ಆಲಂ ಅರಮನೆ. ಕೋಟೆಗಳ ಒಳಕ್ಕೆ ಹೋಗುವ ಅವಕಾಶ ನಮಗೆ ದೊರೆಯಲಿಲ್ಲ. ಕಡಲಂಚಿನಲ್ಲಿ ನಿಂತು, ಇಳಿಬಿಸಿಲಿನಲ್ಲಿ ಅವುಗಳ ಬುರುಜುಗಳು ಮೊದಲು ಹೊಂಬಣ್ಣವೂ ಬಳಿಕ ಕಂದುಬಣ್ಣವೂ ಆಗುವುದನ್ನು ನೋಡಿದೆವು.

ಅರಬರು ಈ ಎರಡನ್ನೂ 'ಕೂತ್' ಎಂದು ಕರೆಯುತ್ತಾರೆ: ಪಡುವಣ ಕೂತ್, ಮೂಡಣ ಕೂತ್. ಇದು ನಮ್ಮ 'ಕೋಟೆ'ಯೇ ಕಡಲು ದಾಟಿ ಹೋಗಿ ತಾಳಿದ ರೂಪವೆಂದು ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಕುವೈತ್ ಎಂಬ ದೇಶದ ಹೆಸರಿಗೂ 'ಪುಟ್ಟ ಕೋಟೆ' ಎಂದೇ ಅರ್ಥ. ನಾವು ಅವರಿಗೆ ಕೋಟೆಯನ್ನಿತ್ತು ಅವರಿಂದ ಬುರುಜನ್ನೂ ಕಿಲ್ಲೆಯನ್ನೂ ಪಡೆದೆವು. ಅರಬ್ಬಿಯ 'ಬುರ್ಜ್' ಶಬ್ದವಾದರೋ ಯುರೋಪಿನ ಊರುಗಳ ಹೆಸರಿನ ಕೊನೆಯಲ್ಲಿ ಬರುವ 'ಬರ್ಗ್' ಎಂಬುದರ ದಾಯಾದಿಯೆಂದು ಹೇಳುವುದುಂಟು. ಅರಬ್ಬಿಯ 'ಕಸ್ರ್' ಮತ್ತು ಇಂಗ್ಲಿಷರ 'ಕಾಸಲ್' ಎರಡೂ ರೋಮನರ ದಂಡಿನ ಪಾಳೆಯವನ್ನು ಸೂಚಿಸುವ 'ಕಾಸ್ಟ್ರಂ' ಎಂಬ ಒಂದೇ ಬೇರಿನಿಂದ ಒಡೆದ ಕವಲುಗಳು. ಕೊಲ್ಲಲು ಬಂದವನೂ ಕಾಯಲು ನಿಂತವನೂ ಗೋಡೆ ಕಟ್ಟುವ ವಿದ್ಯೆಯನ್ನು, ಅದರ ಹೆಸರುಸಹಿತ, ಒಬ್ಬರಿಂದೊಬ್ಬರು ಕಲಿತರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಕೋಟೆಗಳನ್ನು ಕಟ್ಟಿಸಿದ ಪೋರ್ಚುಗೀಸರನ್ನು ನಾವು ಬಹುಮಟ್ಟಿಗೆ ವರ್ತಕರೆಂದೇ ಎಣಿಸುತ್ತೇವೆ. ಅವರು ತಮ್ಮನ್ನು ತಾವು ಎಣಿಸಿಕೊಂಡುದು ನೈಟ್‌ಗಳೆಂದು, ಅಂದರೆ ಧರ್ಮಯುದ್ಧದ ದೀಕ್ಷೆ ಹೊತ್ತ ರಾವುತರೆಂದು. ಜೆರೂಸಲೇಮಿನ ಕಾಳಗಗಳಲ್ಲಿ ಪ್ರಸಿದ್ಧಿಗೆ ಬಂದ ಟೆಂಪ್ಲರ್ ಪಂಥವನ್ನು 1312ರಲ್ಲಿ ಪೋಪನು ವಿಸರ್ಜಿಸಿದ ಮೇಲೆ, ಪೋರ್ಚುಗಲ್ಲಿನ ಅರಸನಾದ ದಿನಿಷನು ಆ ಪಂಥದ ಆಸ್ತಿಪಾಸ್ತಿಗಳನ್ನು ತನ್ನ ನಾಡಿನಲ್ಲಿ ಚದರಗೊಡದೆ 1319ರಲ್ಲಿ 'ಕ್ರಿಸ್ತನ ಪಂಥ'ವೆಂಬ ಹೊಸ ಹೆಸರಿನಿಂದ ಉಳಿಸಿಕೊಂಡನು. ಟೆಂಪ್ಲರರು 1160ರಲ್ಲಿ ಕಟ್ಟಲಾರಂಭಿಸಿದ ತೊಮಾರಿನ ಗಿರಿದುರ್ಗವು ಕಾಲಾಂತರದಲ್ಲಿ ಆ ಹೊಸ ಪಂಥದ ನೆಲೆಯಾಯಿತು. ನಾವಿಕ ಹೆನ್ರಿಯೆಂದು ಖ್ಯಾತನಾದ ರಾಜಕುಮಾರನು ಅದರ ಅಧಿಪತಿಯಾಗಿ, ಅದರ ಹಣದಿಂದ ಆಫ್ರಿಕದ ಕರಾವಳಿಯನ್ನು ಶೋಧಿಸಲು ಹಡಗುಗಳನ್ನು ಕಳುಹಿಸಿದನು. ಆ ಪಂಥದ ಕೆಂಪು ಶಿಲುಬೆಯನ್ನು ಹಾಯಿಗಳ ಮೇಲೆ ಹೊತ್ತ ನೌಕೆಗಳೇ 1498ರಲ್ಲಿ ಮಲಬಾರನ್ನು ಮುಟ್ಟಿದುವು. ಹೀಗೆ ಯುರೋಪಿನ ಮಧ್ಯಯುಗದ ಅಶ್ವಾರೋಹಿಯು, ಅವನ ನಾಡಿನಲ್ಲಿ ಫಿರಂಗಿಯ ಗುಂಡುಗಳಿಗೆ ಕೋಟೆಯ ಗೋಡೆಗಳು ಉರುಳತೊಡಗಿದ್ದ ಹೊತ್ತಿನಲ್ಲಿ, ಕುದುರೆಯಿಂದಿಳಿದು ಹಡಗನ್ನೇರಿ ನಮ್ಮ ಕಡಲಿಗೆ ಬಂದನು.

ಬಂದು ಮಾಡಿದುದೇನು? ಸಂತ ಜೇಮ್ಸನ ಹೆಸರಿನ ಸಾಂತಿಯಾಗೊ ಪಂಥದ ನೈಟ್ ಆಗಿದ್ದ ಅಫೊನ್ಸೊ ದ ಆಲ್ಬುಕರ್ಕನು 1507ರಲ್ಲಿ ಒಮಾನಿನ ಕರಾವಳಿಯುದ್ದಕ್ಕೂ ಬಂದರುಗಳನ್ನು ಸುಡುತ್ತ ಬಂದನು. ಕುರಿಯಾತ್ ಉರಿಯಿತು, ಮಸ್ಕತ್ ಉರಿಯಿತು. ಸೆರೆಸಿಕ್ಕವರ ಕಿವಿಮೂಗುಗಳನ್ನು ಕೊಯ್ಯಿಸಿದುದನ್ನು ಅವನ ಪಕ್ಷದವರೇ ಬರೆದಿಟ್ಟಿದ್ದಾರೆ. ನೈಟ್‌ಗಳ ಶೀಲ, ದಾಕ್ಷಿಣ್ಯ, ದುರ್ಬಲರ ರಕ್ಷಣೆ ಮೊದಲಾದ ಆದರ್ಶಗಳನ್ನು ಕುರಿತು ಇಂಗ್ಲಿಷ್ ಕಾವ್ಯಗಳನ್ನು ಓದಿ ಬಾಲ್ಯದಲ್ಲಿ ಪುಲಕಿತನಾಗಿದ್ದ ನನಗೆ, ಆ ಆದರ್ಶಗಳು ಸ್ವಮತದ ಗಡಿಯಲ್ಲಿಯೇ ಕೊನೆಗೊಂಡುವೆಂದು ಅರಿತಾಗ ಆದ ವ್ಯಥೆ ಇಂದಿಗೂ ಆರಿಲ್ಲ. ಮೂರೇ ವರ್ಷಗಳಲ್ಲಿ ಇದೇ ಆಲ್ಬುಕರ್ಕನು ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಗೋವೆಯನ್ನು ವಶಪಡಿಸಿಕೊಂಡನೆಂಬುದನ್ನು ಕನ್ನಡಿಗರಾದ ನಾವು ಮರೆಯುವಂತಿಲ್ಲ. ಆ ಬೆಂಕಿಗೆ ನಮ್ಮ ಕಡೆಯಿಂದಲೂ ಒಂದು ಕೊಳ್ಳಿ ಬಿದ್ದಿತ್ತು.

ಆದರೂ ಮಸ್ಕತ್ತಿನ ಕೊಲ್ಲಿ ಪೋರ್ಚುಗೀಸರಿಗೆ ನಿಶ್ಚಿಂತೆಯ ನೆಲೆಯಾಗಲಿಲ್ಲ. ಭೂಪಟ ರಚನೆಯಿಂದ ಲೋಕಪ್ರಸಿದ್ಧನಾದ ತುರ್ಕಿ ನೌಕಾಧಿಪತಿ ಪೀರಿ ರೈಸನು 1552ರಲ್ಲಿ ಮಸ್ಕತ್ತನ್ನು ಗೆದ್ದು ಸೂರೆಗೈದನು. 1581ರಲ್ಲಿ ತುರ್ಕರು ಮತ್ತೊಮ್ಮೆ ಬಂದು ಎರಗಿದರು. ಇದರಿಂದ ಎಚ್ಚತ್ತ ಪೋರ್ಚುಗೀಸರು, ಪೋರ್ಚುಗಲ್ ಸ್ಪೇನ್‌ಗಳೆರಡನ್ನೂ ಆಳುತ್ತಿದ್ದ ಫಿಲಿಪ್ ರಾಜನ ಕಾಲದಲ್ಲಿ, ಆ ದಶಕದ ಕೊನೆಯೊಳಗೆ, ಈ ಜೋಡಿ ಕೋಟೆಗಳನ್ನು ಕಟ್ಟಿ ಭದ್ರಪಡಿಸಿದರು. ಬಂಡೆ ಬಲವಾಗಿತ್ತು, ಫಿರಂಗಿಗಳು ಬಲವಾಗಿದ್ದುವು, ಸಾಲದಿದ್ದುದು ಅನ್ನ. ಆ ಕಲ್ಲಿನ ಕೊಲ್ಲಿಯಲ್ಲಿ ಬತ್ತವನ್ನು ಎಲ್ಲಿ ಬೆಳೆಯುವುದು? 1568ರಲ್ಲಿ ಮಂಗಳೂರಿನಲ್ಲಿಯೂ 1569ರಲ್ಲಿ ಹೊನ್ನಾವರ ಬಸರೂರುಗಳಲ್ಲಿಯೂ ಅವರು ಕೋಟೆಗಳನ್ನು ಹೂಡಿದುದಕ್ಕೆ ಮೆಣಸು ಎಷ್ಟು ಕಾರಣವೋ ಅಕ್ಕಿಯೂ ಅಷ್ಟೇ ಕಾರಣ. ಕನ್ನಡ ಕರಾವಳಿಯ ಅಕ್ಕಿಯನ್ನು ತುಂಬಿಕೊಂಡ ನಾವೆಗಳ ತಂಡಗಳು ಯುದ್ಧನೌಕೆಗಳ ಕಾವಲಿನಲ್ಲಿ ಗೋವೆಯನ್ನು ಸೇರುತ್ತಿದ್ದುವು. ಮಸ್ಕತ್ತಿನ, ಹೋರ್ಮುಜಿನ, ದೂರದ ಮಲಕ್ಕಾದ ದುರ್ಗಗಳ ಪಡೆಗಳೂ ಅದನ್ನೇ ನೆಚ್ಚಿದ್ದುವು. ಬಸರೂರಿನ ಹುಡುಗನಿಗೆ ನಾನು ಹೇಳಬೇಕಾಗಿದ್ದ ಉತ್ತರದ ಮೊದಲ ಅರ್ಧ ಇಲ್ಲಿ ನನ್ನೆದುರಿಗೆ, ಮಿರಾನಿಯ ಗೋಡೆಗಳಲ್ಲಿ ನಿಂತಿತ್ತು: ಹಾಲಾಡಿ, ಶಂಕರನಾರಾಯಣ ಊರುಗಳ ಕಡೆಯ ಗದ್ದೆಗಳಲ್ಲಿ ಕೆಸರು ತುಳಿದವರ ದುಡಿಮೆಯನ್ನು ಇಲ್ಲಿ ಕಬ್ಬಿಣದ ಅಂಗಿ ತೊಟ್ಟವರು ಉಂಡಿದ್ದರು.

ಕೋಟೆಗಳ ಚರಿತ್ರೆಯನ್ನು ನಾವು ಮುತ್ತಿಗೆ ಹಾಕಿದವರ ಹಾಗೂ ಕಾದಾಡಿದವರ ಹೆಸರುಗಳಿಂದ ಬರೆಯುತ್ತೇವೆ. ಆದರೆ ಕೋಟೆಗಳು ಬಿದ್ದುದು ಬಹುತೇಕ ಹಸಿವಿನಿಂದ. ಸಿಂಹಹೃದಯನೆಂದು ಹೊಗಳಿಸಿಕೊಂಡ ಇಂಗ್ಲೆಂಡಿನ ರಿಚರ್ಡ್ ದೊರೆಯು 1196ರಿಂದ 1198ರೊಳಗೆ ಫ್ರಾನ್ಸಿನ ಸೇನ್ ನದಿಯ ದಂಡೆಯಲ್ಲಿ ಶಾತೊ ಗಯ್ಯಾರ್ ಎಂಬ ಅಭೇದ್ಯ ದುರ್ಗವನ್ನು ಕಟ್ಟಿಸಿದನು. ಅವನು ಗತಿಸಿದ ಮೇಲೆ ಫ್ರೆಂಚರು ಅದನ್ನು ಮುತ್ತಿದಾಗ, ಧಾನ್ಯ ಉಳಿಯಲೆಂದು ಕೋಟೆಯ ಸೇನಾನಿಯು ಆಶ್ರಯಕ್ಕೆ ಬಂದಿದ್ದ ಊರಿನ ಮುದುಕರನ್ನೂ ಹೆಂಗಸರನ್ನೂ ಮಕ್ಕಳನ್ನೂ ಹೊರಗೆ ಅಟ್ಟಿದನು. ಕೊನೆಗೆ ಹೊರಬಿದ್ದವರನ್ನು ಫ್ರೆಂಚರು ಮುಂದಕ್ಕೆ ಬಿಡಲಿಲ್ಲ, ಒಳಗಿನವರು ಮರಳಿ ಸೇರಿಸಲಿಲ್ಲ. ಎರಡು ಸೈನ್ಯಗಳ ನಡುವಣ ಕಮರಿಯಲ್ಲಿ ಚಳಿಗಾಲವನ್ನು ಅವರು ಹುಲ್ಲು ತಿಂದು ಕಳೆದರು, ಬಹುಮಂದಿ ಸತ್ತರು. 1204ರಲ್ಲಿ ಕೋಟೆ ಬಿದ್ದೇ ಬಿದ್ದಿತು. ಆ ಕಮರಿಯಲ್ಲಿ ಸತ್ತವರೊಬ್ಬರ ಹೆಸರೂ ನಮಗೆ ತಿಳಿದಿಲ್ಲ.

ಮಸ್ಕತ್ತಿನ ಪತನದ ಬಗ್ಗೆಯೂ ಒಮಾನಿನ ಇತಿಹಾಸಕಾರ ಇಬ್ನ್ ರುಜೈಕನು ಒಂದು ಕಥೆ ಹೇಳುತ್ತಾನೆ. ಕಥೆಯೆಂದೇ ಅದನ್ನು ಸ್ವೀಕರಿಸಬೇಕು. ಕೋಟೆಗೆ ಸರಕು ಒದಗಿಸುತ್ತಿದ್ದ ನರೋತ್ತಮನೆಂಬ ಹಿಂದೂ ವರ್ತಕನಿಗೆ ಸುಂದರಿಯಾದ ಮಗಳೊಬ್ಬಳಿದ್ದಳು. ಪೋರ್ಚುಗೀಸ್ ನಾಯಕನು ಅವಳನ್ನು ತನಗೆ ಕೊಟ್ಟು ಮದುವೆ ಮಾಡೆಂದು ಪೀಡಿಸತೊಡಗಿದನು. ತಂದೆಯು ಒಪ್ಪಿದವನಂತೆ ನಟಿಸಿ, ಸಿದ್ಧತೆಗೆ ಅವಧಿ ಬೇಡಿ, ಕೋಟೆಯ ತೊಟ್ಟಿಗಳ ನೀರು ಕೆಟ್ಟಿದೆ, ಧಾನ್ಯ ಮುಗ್ಗಿದೆ, ಮದ್ದಿನ ಪುಡಿ ಹಳತಾಗಿದೆ, ಎಲ್ಲವನ್ನೂ ತೆಗೆಸಿ ಹೊಸತು ತುಂಬಿಸುವೆನೆಂದು ನಂಬಿಸಿ, ಉಗ್ರಾಣವನ್ನು ಬರಿದುಮಾಡಿ, ಒಮಾನಿಗಳ ಒಡೆಯನಾದ ಇಮಾಮನಿಗೆ ಸುದ್ದಿ ಕಳುಹಿಸಿದನಂತೆ. 1650ರ ಜನವರಿಯಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫನ ಪಡೆಯು ಗೋಡೆಗಳನ್ನು ದಾಟಿತು. ಪೋರ್ಚುಗೀಸರು ಮಸ್ಕತ್ತನ್ನು ಶಾಶ್ವತವಾಗಿ ತೊರೆದರು. ಇಮಾಮನು ನರೋತ್ತಮನ ಮನೆತನಕ್ಕೆ ತಲೆಗಂದಾಯವನ್ನು ಮನ್ನಾ ಮಾಡಿದನೆಂದು ಕಥೆ ಮುಗಿಯುತ್ತದೆ. ಅಕ್ಷರಶಃ ನಡೆದುದೋ ಇಲ್ಲವೋ, ಕೋಟೆಯ ಜೀವ ಯಾವ ಕೋಣೆಯಲ್ಲಿದೆ ಎಂಬುದನ್ನು ಕಥೆ ಕಟ್ಟಿದವರು ಚೆನ್ನಾಗಿ ಅರಿತಿದ್ದರು.

ಇನ್ನೊಂದು ಸಂಗತಿಯನ್ನು ಆ ಸಂಜೆ ಕಡಲಂಚಿನಲ್ಲಿ ಮಗಳಿಗೆ ಹೇಳಿದೆನು. ಮಸ್ಕತ್ ಕೈಬಿಟ್ಟ ಎರಡೇ ವರ್ಷಕ್ಕೆ, ಅಂದರೆ 1652ರಿಂದ 1654ರೊಳಗೆ, ಕೆಳದಿಯ ಶಿವಪ್ಪನಾಯಕನು ಬಸರೂರು, ಗಂಗೊಳ್ಳಿ, ಹೊನ್ನಾವರಗಳ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದೂಡಿದನು. ಒಂದೇ ಕಡಲಿನ ಎರಡು ದಡಗಳಲ್ಲಿ, ಉಣ್ಣುವ ಕೋಟೆಯೂ ಉಣಿಸುವ ಕೋಟೆಯೂ ಐದು ವರ್ಷಗಳ ಅಂತರದಲ್ಲಿ ಕೈಬದಲಾದುವು. ಇದನ್ನು ನಮ್ಮ ಪಠ್ಯಪುಸ್ತಕಗಳು ಎರಡು ಬೇರೆಬೇರೆ ಪಾಠಗಳಲ್ಲಿಯೂ ಹೇಳುವುದಿಲ್ಲವೆಂಬುದು ನನ್ನ ದೂರು.

ಮರುದಿನ ನಸುಕಿನಲ್ಲಿಯೇ ಮಗಳು ಎಬ್ಬಿಸಿದಳು. "ಅಪ್ಪಯ್ಯ, ಬಿಸಿಲು ಏರುದ್ರೊಳಗೆ ನಿಜ್ವಾ ಮುಟ್ಟುವ" ಎಂದಳು. ಸುಮಾರು 150 ಕಿಲೋಮೀಟರಿನ ದಾರಿ, ನುಣುಪಾದ ರಸ್ತೆ. ಹಜರ್ ಪರ್ವತಗಳ ಬೆನ್ನಿನ ಮೇಲೆ ಬೆಳಕು ಹರಿಯುವಾಗ, ಮರವಿಲ್ಲದ ಆ ಶಿಲಾರಾಶಿಗೂ ಒಂದು ಸೌಂದರ್ಯವಿದೆಯೆಂದು ನನಗೆ ತೋರಿತು. ಹಿಂದಿನ ದಿನದ ಭಯ ಹೋಗಿತ್ತು. ಬೆಟ್ಟದ ಸಂದೊಂದನ್ನು ದಾಟಿದೊಡನೆಯೇ ಖರ್ಜೂರದ ತೋಪುಗಳ ಕಡುಹಸುರಿನ ನಡುವೆ ಮಣ್ಣಿನ ಬಣ್ಣದ ಒಂದು ಮಹಾಸ್ತಂಭವು, ಯಾರೋ ಬೃಹತ್ತಾದ ಬಳ್ಳವನ್ನು ಕವುಚಿಟ್ಟಂತೆ, ಕಾಣಿಸಿತು. ಮಸ್ಕತ್ತನ್ನು ಗೆದ್ದ ಅದೇ ಸುಲ್ತಾನ್ ಬಿನ್ ಸೈಫನು ಹನ್ನೆರಡು ವರ್ಷಗಳ ಕಾಲ ಶ್ರಮಿಸಿ ಕಟ್ಟಿಸಿದ ನಿಜ್ವಾದ ಗೋಪುರವದು.

ಎತ್ತರ 30 ಮೀಟರ್. ವ್ಯಾಸ ಸುಮಾರು 36 ಮೀಟರ್. ಈ ಅಳತೆಗಳಿಗಿಂತ ಹೆಚ್ಚು ಬೆರಗುಗೊಳಿಸತಕ್ಕದ್ದು ಅದರ ಒಳಗಿನ ರಚನೆ. ಯುರೋಪಿನ ಹಳೆಯ ದುರ್ಗಗಳ ಗೋಡೆಗಳು ಎತ್ತರವಾಗಿ, ತೆಳ್ಳಗೆ, ಚೌಕವಾಗಿ ನಿಂತು, 1453ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಪ್ರಾಕಾರವನ್ನೇ ಒಡೆದಂಥ ಫಿರಂಗಿಗಳು ಬಂದ ಮೇಲೆ ನಿರುಪಯುಕ್ತವಾದುವು. ನಿಜ್ವಾದ ಶಿಲ್ಪಿಗಳು ಫಿರಂಗಿಯ ಯುಗಕ್ಕೆಂದೇ ಯೋಚಿಸಿದರು. ಗುಂಡಾದ ಮೈಗೆ ಬಡಿದ ಗುಂಡು ಜಾರುವಂತೆ ಬೃಹತ್ ವರ್ತುಲವನ್ನು ಎಬ್ಬಿಸಿ, ಅದರ ಅರ್ಧದಷ್ಟು ಎತ್ತರದವರೆಗೆ ಒಳಗೆ ಮಣ್ಣನ್ನೂ ಕಲ್ಲನ್ನೂ ಗಟ್ಟಿಯಾಗಿ ತುಂಬಿ, ಮೇಲಣ ಜಗಲಿಯಿಂದ ತಮ್ಮ ಫಿರಂಗಿಗಳು ಸಿಡಿದಾಗಿನ ಅದುರೂ ಹೊರಗಿನ ಗುಂಡಿನ ಪೆಟ್ಟೂ ಒಂದೇ ಮಣ್ಣಿನ ಒಡಲಿನಲ್ಲಿ ಅಡಗುವಂತೆ ಮಾಡಿದರು. ಸುತ್ತಲೂ ಹರಡಿದ 24 ಫಿರಂಗಿ ಕಿಂಡಿಗಳಿಂದಾಗಿ ಯಾವ ದಿಕ್ಕಿನಿಂದ ಬಂದ ಶತ್ರುವಿಗೂ ಮರೆಯಿಲ್ಲ.

ಮೇಲೇರಲು ಇರುವುದು ಒಂದೇ ದಾರಿ: ಒಬ್ಬರ ಹಿಂದೆ ಒಬ್ಬರು ಹೋಗಬಹುದಾದ, ಕತ್ತಲೆಯ, ಅಂಕುಡೊಂಕಾದ ಮೆಟ್ಟಿಲು. ತಿರುವಿಗೊಂದು ದಪ್ಪ ಹಲಗೆಯ ಕದ. ಕದಗಳು ಒಟ್ಟು ಏಳು. ಪ್ರತಿಯೊಂದು ಬಾಗಿಲಿನ ಮುಂದೆ, ಹಲಗೆ ಸರಿಸಿದರೆ ಬಾಯ್ದೆರೆಯುವ ಆಳವಾದ ಗುಂಡಿ. ನೆತ್ತಿಯ ಮೇಲೆ ಒಂದು ಕಿಂಡಿ. ಆ ಮೆಟ್ಟಿಲುಗಳನ್ನು ಹತ್ತುವಾಗ, ಬಾಲ್ಯದಲ್ಲಿ ತಂದೆಯವರೊಡನೆ ಚಿತ್ರದುರ್ಗದ ಏಳುಸುತ್ತಿನ ಕೋಟೆಯ ತಿರುವುಗಳನ್ನು ಏರಿದುದು ನೆನಪಾಗಿ ಕಾಲು ಕ್ಷಣಕಾಲ ತಡೆಯಿತು. ಏರಿಬರುವವನ ವೇಗವನ್ನು ಮುರಿಯಬೇಕು, ಅವನ ಗುಂಪನ್ನು ಒಬ್ಬೊಬ್ಬನಾಗಿ ಬಿಡಿಸಬೇಕು, ಒಬ್ಬೊಬ್ಬನನ್ನೂ ಕಿಂಡಿಯ ಕೆಳಗೆ ನಿಲ್ಲಿಸಬೇಕು: ಸಿರಿಯಾದಲ್ಲಿ ನೈಟ್‌ಗಳು ಕಟ್ಟಿದ ಕ್ರಾಕ್ ದುರ್ಗದಲ್ಲಿಯೂ ದುರ್ಗದ ಪಾಳೆಯಗಾರರ ಬಂಡೆಗಳ ನಡುವೆಯೂ ಇಲ್ಲಿಯೂ ಯೋಚನೆ ಒಂದೇ. ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನನ್ನು ಯಾವ ಶಿಲ್ಪಿಯೂ ತನ್ನ ಯೋಜನೆಯಲ್ಲಿ ಬರೆದಿರಲಿಲ್ಲ. ಅವಳೂ ಬತ್ತ ಕುಟ್ಟುವ ಕೈಯಿಂದಲೇ ಕೋಟೆಯನ್ನು ಕಾದಳು.

ನಿಜ್ವಾದ ಕಿಂಡಿಗಳಿಂದ ಸುರಿಯುತ್ತಿದ್ದುದು ಕುದಿಯುವ ಖರ್ಜೂರದ ಪಾಕ. ಕೆಳಗಿನ ಉಗ್ರಾಣದಲ್ಲಿ ಅದರ ವ್ಯವಸ್ಥೆಯನ್ನು ನೋಡಿದೆನು: ನೆಲದಲ್ಲಿ ಉಬ್ಬುತಗ್ಗಾಗಿ ತೋಡಿದ ಸಾಲು ಕಾಲುವೆಗಳು, ಅವುಗಳ ಮೇಲೆ ಖರ್ಜೂರದ ಚೀಲಗಳನ್ನು ಒಂದರ ಮೇಲೊಂದರಂತೆ ಛಾವಣಿಯವರೆಗೆ ಒಟ್ಟಿದರೆ, ಮೇಲಿನ ಭಾರಕ್ಕೆ ಕೆಳಗಿನವು ಹಿಸುಕಿ, ರಸವು ತಾನಾಗಿಯೇ ಕಾಲುವೆಗಳಲ್ಲಿ ಹರಿದು ಗಡಿಗೆಗಳಲ್ಲಿ ಸಂಗ್ರಹವಾಗುತ್ತದೆ. ಶಾಂತಿಕಾಲದಲ್ಲಿ ಅದು ರೊಟ್ಟಿಗೆ ಹಚ್ಚಿ ತಿನ್ನುವ ಮಧುರಾಹಾರ. ಮುತ್ತಿಗೆಯ ಕಾಲದಲ್ಲಿ ಅದೇ ಕುದಿದು, ಮೈಗೆ ಅಂಟಿ ಬಿಡದೆ ಸುಡುವ ಅಸ್ತ್ರ. ಒಂದೇ ಕೋಣೆ ಕೋಟೆಗೆ ಅನ್ನಾಗಾರವೂ ಶಸ್ತ್ರಾಗಾರವೂ ಆಗಿತ್ತು. ಅಲ್ಲಿದ್ದ ವೃದ್ಧ ಕಾವಲುಗಾರನು, ನಾವು ಬಹಳ ಹೊತ್ತು ಆ ಕಾಲುವೆಗಳನ್ನೇ ನೋಡುತ್ತಿರುವುದನ್ನು ಕಂಡು, ಹತ್ತಿರ ಕರೆದು, ಪುಟ್ಟ ಬಟ್ಟಲುಗಳಲ್ಲಿ ಏಲಕ್ಕಿ ಬೆರೆತ ಕಹ್ವಾವನ್ನೂ ತಟ್ಟೆಯಲ್ಲಿ ಖರ್ಜೂರವನ್ನೂ ಇಟ್ಟು, ತಿನ್ನುವಂತೆ ಹರಕುಮುರುಕು ಹಿಂದಿಯಲ್ಲಿ ಒತ್ತಾಯಿಸಿದನು. ಇಂಡಿಯಾದಲ್ಲಿ ನಿಮ್ಮ ಊರು ಯಾವುದೆಂದು ಕೇಳಿದನು. ಬಸರೂರು ಎಂದರೆ ತಿಳಿಯದೆಂದು ಮಂಗಳೂರಿನ ಹೆಸರು ಹೇಳಿದೆನು. "ಮಂಗಲೂರ್!" ಎಂದು ಅವನು ನಕ್ಕು ತಲೆಯಾಡಿಸಿದನು, ಆ ಹೆಸರು ಅವನಿಗೆ ಹೊಸತಾಗಿರಲಿಲ್ಲ.

ಒಮಾನಿಗಳ ಪರಾಕ್ರಮವನ್ನು ಹೊಗಳುವಾಗ ಅದರ ಇನ್ನೊಂದು ಮುಖವನ್ನು ಮರೆಮಾಚುವುದು ಇತಿಹಾಸದ ಅಧ್ಯಾಪಕನಿಗೆ ಸಲ್ಲದು. ತಮ್ಮ ನೆಲವನ್ನು ಬಿಡಿಸಿಕೊಂಡವರು ಬೇಗನೆ ಕಡಲಿಗಿಳಿದರು. 1668ರಲ್ಲಿ ದೀವ್ ಪಟ್ಟಣವನ್ನು ಲೂಟಿ ಮಾಡಿದರು. 1695ರಲ್ಲಿ, ಅರಬರ ವ್ಯಾಪಾರಕ್ಕೆ ಪೋರ್ಚುಗೀಸರು ಹಾಕಿದ ನಿರ್ಬಂಧಗಳ ಸೇಡಿಗೆ ಮಂಗಳೂರನ್ನೇ ಸುಟ್ಟರು. 1696ರಿಂದ 1698ರ ವರೆಗೆ, 33 ತಿಂಗಳು, ಆಫ್ರಿಕದ ಮೊಂಬಾಸದಲ್ಲಿ ಪೋರ್ಚುಗೀಸರ ಜೀಸಸ್ ಕೋಟೆಯನ್ನು ಮುತ್ತಿ, ಒಳಗಿನವರು ರೋಗದಿಂದಲೂ ಹಸಿವಿನಿಂದಲೂ ಬಹುತೇಕ ನಿರ್ನಾಮವಾದ ಮೇಲೆ ಹಿಡಿದರು. 1507ರಲ್ಲಿ ಉರಿದ ಮಸ್ಕತ್ತಿನ ಬೂದಿ ಹೀಗೆ ಗಾಳಿಯಲ್ಲಿ ಹಾರಿ ನಮ್ಮ ಊರಿನ ಮೇಲೂ ಬಿದ್ದಿತು.

ಮಧ್ಯಾಹ್ನ ಜಬ್ರೀನಿಗೆ ಹೋದೆವು. ಸುಲ್ತಾನ್ ಬಿನ್ ಸೈಫನ ಮಗನಾದ ಬಿಲಾರಬನು 1670ರ ಸುಮಾರಿನಲ್ಲಿ ಕಟ್ಟಿಸಿದ ಈ ಕೋಟೆ, ಕೋಟೆಯೆನ್ನುವುದಕ್ಕಿಂತ ವಿದ್ಯಾವಂತನೊಬ್ಬನ ಮನೆಯೆನ್ನುವುದು ಮೇಲು. ಛಾವಣಿಯ ತೊಲೆಗಳ ಮೇಲೆ ಬಳ್ಳಿಹೂಗಳ ವರ್ಣಚಿತ್ರ. ಸೂರ್ಯಚಂದ್ರರ ಸಭಾಂಗಣದಲ್ಲಿ ತಂಪುಗಾಳಿ ಕೆಳಗಿನಿಂದ ನುಗ್ಗಿ ಬಿಸಿಗಾಳಿ ಮೇಲಿನಿಂದ ಹೊರಡುವಂತೆ ಎರಡು ಸಾಲು, ಹದಿನಾಲ್ಕು ಕಿಟಕಿಗಳು. ಮೇಲಣ ಅಂತಸ್ತಿನಲ್ಲಿ ವಿದ್ಯಾರ್ಥಿಗಳ ಪಾಠಶಾಲೆ. ಇಷ್ಟೆಲ್ಲದರ ನಡುವೆ ನನ್ನನ್ನು ನಿಲ್ಲಿಸಿದುದು ಮಹಡಿಯ ಮೇಲೆ ಇಮಾಮನ ವಾಸದ ಕೋಣೆಗಳ ಹತ್ತಿರದಲ್ಲಿಯೇ ಇದ್ದ ಒಂದು ಕೋಣೆ. ಅದು ಅವನ ಕುದುರೆಯದಂತೆ.

ಕುದುರೆಯನ್ನು ಮಹಡಿಗೆ ಹತ್ತಿಸಿ ಪಕ್ಕದಲ್ಲಿ ಕಟ್ಟಿಕೊಂಡ ಆ ವಾತ್ಸಲ್ಯವನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು. ಯುರೋಪಿನ ಹಲವು ಭಾಷೆಗಳಲ್ಲಿ ನೈಟ್ ಎಂಬವನ ಹೆಸರು ಕುದುರೆಯಿಂದಲೇ ಬಂದಿದೆ. ನಮ್ಮ ರಾವುತನೂ ಕುದುರೆಯ ಮೇಲಿನವನೇ. ಆದರೆ ನಮ್ಮ ಜೌಗುನೆಲದಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ. ಒಮಾನಿನ ಕಲ್ಹಾತ್ ಬಂದರಿನಿಂದ ಇಂಡಿಯಾಕ್ಕೆ ಕುದುರೆಗಳು ಹೋಗುತ್ತಿದ್ದುದನ್ನು ಮಾರ್ಕೊ ಪೋಲೊ ಹದಿಮೂರನೆಯ ಶತಮಾನದಲ್ಲಿಯೇ ಬರೆದಿದ್ದಾನೆ. ವಿಜಯನಗರದ ಕಾಲಕ್ಕೆ ಹೋರ್ಮುಜಿನ ಕುದುರೆಗಳು ಭಟ್ಕಳ ಹೊನ್ನಾವರಗಳಲ್ಲಿ ಇಳಿದು ಘಟ್ಟವೇರಿದುವು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಫೆರ್ನಾವೊ ನೂನಿಜನು ಹೇಳುವಂತೆ, ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಗೂ, ಅದರ ಬಾಲವನ್ನು ತಂದು ತೋರಿಸಿದರೆ, ಬದುಕಿದ್ದುದರ ಬೆಲೆಯನ್ನೇ ಕೊಡುತ್ತಿದ್ದನು. ಹೀಗೆ ಅಕ್ಕಿಯು ಹೋದ ಕಡಲಿನ ಮೇಲೆಯೇ ಕುದುರೆ ಬಂದಿತು. ನಮ್ಮ ಊರ ಗದ್ದೆಗಳ ಅಂಚಿನ ವೀರಗಲ್ಲುಗಳಲ್ಲಿ ಕತ್ತಿಯೆತ್ತಿ ಕುಳಿತ ಸವಾರನ ಕೆಳಗಿರುವ ಆ ಕುದುರೆಗಳ ಪೈಕಿ ಎಷ್ಟೋ ಈ ಒಣನೆಲದ ಖರ್ಜೂರದ ನೆರಳಿನಲ್ಲಿ ಮರಿಗಳಾಗಿ ನೆಗೆದಾಡಿದ್ದಿರಬೇಕು.

ಬಿಲಾರಬನ ಅಂತ್ಯವು ಶೋಚನೀಯವಾದುದು. ತಮ್ಮನಾದ ಸೈಫನೇ ದಂಡೆತ್ತಿ ಬಂದು ಜಬ್ರೀನನ್ನು ಮುತ್ತಿದನು; 1692ರ ಸುಮಾರಿಗೆ ಅಣ್ಣನು ಕೋಟೆಯೊಳಗೇ ತೀರಿಕೊಂಡನು. ಅವನ ಸಮಾಧಿ ಅಲ್ಲಿಯೇ ನೆಲಮಟ್ಟದಲ್ಲಿದೆ, ಪಕ್ಕದಲ್ಲಿ ಒಂದು ಸಣ್ಣ ನೀರ್ಗಾಲುವೆ.

ಬಹ್ಲಾದ ಕೋಟೆಯನ್ನು ದಾರಿಯಲ್ಲಿ ನೋಡಿದೆವು. ಹೊತ್ತು ಕಡಮೆಯಿದ್ದುದರಿಂದ ಹೆಚ್ಚು ಹೇಳಲಾರೆ. ಊರನ್ನೂ ತೋಟಗಳನ್ನೂ ಒಳಗೊಂಡು ಸುಮಾರು 12 ಕಿಲೋಮೀಟರ್ ಸುತ್ತುವ ಮಣ್ಣಿನ ಪ್ರಾಕಾರ ಅದರದು. 1987ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮರುವರ್ಷವೇ ಅಪಾಯದಲ್ಲಿರುವ ತಾಣವೆಂದು ಗುರುತಿಸಿತು. ಹಸಿಮಣ್ಣಿನ ಇಟ್ಟಿಗೆಗಳಿಂದಲೇ ತಾಳ್ಮೆಯಿಂದ ದುರಸ್ತಿಮಾಡಿ 2004ರಲ್ಲಿ ಅದನ್ನು ಆ ಪಟ್ಟಿಯಿಂದ ಬಿಡಿಸಿಕೊಂಡರು. ಮಣ್ಣಿನ ಗೋಡೆಯ ಮೇಲೆ ಇಷ್ಟು ಪ್ರೀತಿಯಿಟ್ಟ ಜನರಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆನು.

ಆದರೆ ಜಬ್ರೀನಿನ ಸಮಾಧಿಯ ಪಕ್ಕದ ಆ ಕಾಲುವೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಅದನ್ನು ಇಲ್ಲಿ ಫಲಜ್ ಎನ್ನುತ್ತಾರೆ. ಬೆಟ್ಟದ ಬುಡದಲ್ಲಿ ಅಂತರ್ಜಲವನ್ನು ಹುಡುಕಿ, ನೆಲದೊಳಗೆ ಮೈಲುಗಟ್ಟಲೆ ಸುರಂಗ ಕೊರೆದು, ಕೇವಲ ನೆಲದ ಇಳಿಜಾರಿನ ಬಲದಿಂದ ನೀರನ್ನು ಊರಿಗೆ ಹರಿಸುವ ವಿದ್ಯೆಯಿದು. ಸುಮಾರು 3,000 ಫಲಜ್‌ಗಳು ಇಂದಿಗೂ ಹರಿಯುತ್ತಿವೆ. 2006ರಲ್ಲಿ ನಿಜ್ವಾದ ಫಲಜ್ ದಾರಿಸ್ ಸಹಿತ ಐದು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿವೆ. ನೀರು ಊರಿನೊಳಗೆ ಬಂದೊಡನೆ ಮೊದಲು ಕುಡಿಯುವವರಿಗೆ, ಆಮೇಲೆ ಮಸೀದಿಗೆ, ಸ್ನಾನಕ್ಕೆ, ಕೊನೆಗೆ ತೋಟಗಳಿಗೆ. ಹಗಲು ನೆಟ್ಟ ಕಂಬದ ನೆರಳನ್ನೂ ಇರುಳು ನಕ್ಷತ್ರಗಳ ಉದಯವನ್ನೂ ನೋಡಿ ಒಬ್ಬೊಬ್ಬರ ಪಾಲಿನ ಹೊತ್ತನ್ನು ಅಳೆಯುತ್ತಿದ್ದರು. ಈ ಕಾಲುವೆಗಳನ್ನು ಕಾಯಲೆಂದೇ ಕಾವಲು ಬುರುಜುಗಳನ್ನು ಕಟ್ಟಿದ್ದಾರೆ. ಏಕೆಂದರೆ ಶತ್ರುವಿನ ಮೊದಲ ಪೆಟ್ಟು ಬೀಳುತ್ತಿದ್ದುದು ಇವುಗಳಿಗೆ. ನಮ್ಮ ಕಾಸರಗೋಡು, ವಿಟ್ಲ, ಪುತ್ತೂರು ಸೀಮೆಗಳಲ್ಲಿ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳನ್ನು ಬಲ್ಲವರು, ಫಲಜ್‌ನ ಬಾಯಲ್ಲಿ ನಿಂತಾಗ ಸ್ವಂತ ತೋಟದಲ್ಲಿ ನಿಂತಂತೆಯೇ ಭಾವಿಸುವರು.

ನೀರನ್ನು ಬೊಗಸೆಯಲ್ಲಿ ಹಿಡಿದಾಗ ನನಗೆ ಪಿಯೆತ್ರೊ ದೆಲ್ಲಾ ವಾಲ್ಲೆಯ ನೆನಪಾಯಿತು. ಅವನು ರೋಮ್ ನಗರದ ಶ್ರೀಮಂತ ಯಾತ್ರಿಕ. 1623ರಲ್ಲಿ ಅವನು ಇಕ್ಕೇರಿಯಲ್ಲಿ ವೆಂಕಟಪ್ಪನಾಯಕನನ್ನು ಕಂಡು, ಘಟ್ಟವಿಳಿದು, ಉಳ್ಳಾಲದ ರಾಣಿಯನ್ನು ನೋಡಲು ಹೋದನು. ಪೋರ್ಚುಗೀಸರನ್ನೆದುರಿಸಿದ ಆ ರಾಣಿ ಅವನಿಗೆ ಕಂಡುದು ಸಿಂಹಾಸನದ ಮೇಲಲ್ಲ. ಬರಿಗಾಲಿನಲ್ಲಿ ಗದ್ದೆಗಳ ನಡುವೆ ನಿಂತು, ನೀರಿನ ಕಾಲುವೆ ತೋಡುವವರ ಕೆಲಸ ನೋಡುತ್ತಿದ್ದಳು. ಮುಂದಿನ ವರ್ಷದ ಕೊನೆಗೆ ಅವನು ಗೋವೆಯಿಂದ ಹಡಗೇರಿ ಇದೇ ಮಸ್ಕತ್ತಿಗೆ ಬಂದನು. ಒಮಾನಿಗಳು ರುಸ್ತಾಕಿನಲ್ಲಿ ನಾಸಿರ್ ಬಿನ್ ಮುರ್ಷಿದನನ್ನು ಇಮಾಮನಾಗಿ ಆರಿಸಿಕೊಂಡುದು ಆ 1624ರಲ್ಲಿಯೇ. ಪೋರ್ಚುಗೀಸರ ಕಾಲ ಆಗಲೇ ಎಣಿಕೆಗೆ ಬಂದಿತ್ತು.

ಹೊರಡುವ ಮುನ್ನಾ ದಿನ ಮಸ್ಕತ್ತಿನ ಮುತ್ತ್ರಾದ ಪೇಟೆಯಲ್ಲಿ ನಡೆಯುತ್ತಿದ್ದಾಗ, ಧೂಪದ ಅಂಗಡಿಗಳನ್ನು ದಾಟಿದ ಮೇಲೆ ಸಣ್ಣ ದಿನಸಿ ಅಂಗಡಿಯೊಂದರ ಬಾಗಿಲಿನಲ್ಲಿ ಅಕ್ಕಿಯ ಚೀಲಗಳನ್ನು ಕಂಡೆನು. ಒಂದರಲ್ಲಿ ಕೆಂಪು ಕುಚ್ಚಲಕ್ಕಿ ಇತ್ತು. ಅಂಗಡಿಯವನಿಗೆ ನನ್ನ ಕುತೂಹಲದ ಕಾರಣ ತಿಳಿಯಲಿಲ್ಲ. ಒಂದು ಹಿಡಿಯನ್ನು ನನ್ನ ಅಂಗೈಗೆ ಸುರಿದನು. ಬಸರೂರಿನ ಆ ಹುಡುಗನು ಈಗ ಎಲ್ಲಿರುವನೋ ಅರಿಯೆ. ಇದನ್ನು ಓದುವನಾದರೆ ಅವನ ಪ್ರಶ್ನೆಗೆ ನನ್ನ ಉತ್ತರ ಇದು. ಮೊದಲು ಆ ಅಕ್ಕಿಯನ್ನು ಉಂಡವರಲ್ಲಿ ಮಿರಾನಿ ಜಲಾಲಿಗಳ ಸೈನಿಕರಿದ್ದರು. 1650ರ ಜನವರಿಯಲ್ಲಿ ಅವರು ಹೋದರು. ಅಕ್ಕಿ ನಿಲ್ಲಲಿಲ್ಲ, ಉಣ್ಣುವವರು ಮಾತ್ರ ಬದಲಾದರು. ನೂರಮೂವತ್ತು ವರ್ಷಗಳು ಕಳೆದ ಮೇಲೂ, ಟಿಪ್ಪು ಸುಲ್ತಾನನು ಮಸ್ಕತ್ತಿನ ತನ್ನ ಕೋಠಿಯ ಅಧಿಕಾರಿಗೆ ಬರೆಯಿಸಿದ ಪತ್ರಗಳಲ್ಲಿ, ರೇಷ್ಮೆಹುಳುಗಳನ್ನೂ ಅವುಗಳನ್ನು ಸಾಕಬಲ್ಲವರನ್ನೂ ಹುಡುಕಿ ಕಳುಹಿಸುವ ಆಜ್ಞೆಯ ಜತೆಯಲ್ಲಿ, ಅಕ್ಕಿಯ ಮಾರಾಟದ ವಿಚಾರವೂ ಇದೆ. ಆ ಅಕ್ಕಿ ಮಸ್ಕತ್ತಿಗೆ ಬರುತ್ತಿದ್ದುದು ಮಂಗಳೂರಿನಿಂದ.